ಪಸ್ತಾಪುರ: ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿಯವರೆಗೆ

ಹೈದರಾಬಾದಿನಿಂದ ಮುಂಬಯಿಯತ್ತ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರು ಕ್ರಮಿಸಿದರೆ ಜಹೀರಾಬಾದ್ ಪಟ್ಟಣ ದೊರೆಯುತ್ತದೆ. ಅದರ ಮಗ್ಗುಲಿಗೆ ಅಂಟಿಕೊಂಡಂತಿರುವ ಊರು ಪಸ್ತಾಪುರ. ಹೆದ್ದಾರಿಯ ಲಾರಿಗಳ ಸದ್ದು ಊರಿನ ಅಂಗಳದವರೆಗೂ ಕೇಳಿಸುತ್ತದೆ; ಆದರೆ ಊರಿನ ಬೆನ್ನಿಗೆ ತಿರುಗಿದರೆ ಕೆಮ್ಮಣ್ಣಿನ ಎತ್ತರದ ಹೊಲಗಳು, ಅವುಗಳಾಚೆ ನ್ಯಾಲಕಲ್ಲಿನ ದಿಕ್ಕಿಗೆ ಇಳಿಯುತ್ತ ಹೋಗುವ ಎರೆಭೂಮಿ. ಮಾರ್ಗಶಿರ ಮುಗಿಯುವ ಹೊತ್ತಿಗೆ ಬಿಳಿಜೋಳ ತೆನೆಗಟ್ಟುತ್ತಿರುತ್ತದೆ, ಕಡಲೆ ಹಸುರಾಗಿರುತ್ತದೆ, ಕುಸುಬೆಯ ಮುಳ್ಳು ಕಾಲಿಗೆ ತಾಗಲಾರಂಭಿಸಿರುತ್ತದೆ. ಬೆಳಗಿನ ಇಬ್ಬನಿಯಲ್ಲಿ ಬೆಳೆಯುವ ಈ ಹಿಂಗಾರಿ ಪೈರುಗಳನ್ನು ನೋಡಿದವರಿಗೆ ಪಸ್ತಾಪುರದ ಹೆಸರು ದೇಶದಾಚೆಗೂ ಏಕೆ ತಲುಪಿತೆಂಬುದು ತಾನಾಗಿ ತಿಳಿಯುತ್ತದೆ.

1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಈ ಊರನ್ನು ಕೇಂದ್ರವಾಗಿರಿಸಿಕೊಂಡು ಸುತ್ತಲಿನ ಹಳ್ಳಿಗಳ ಬಡ ರೈತ ಮಹಿಳೆಯರ ಸಂಘಗಳನ್ನು ಕಟ್ಟಿತು. ನವಣೆ, ಸಾವೆ, ಸಜ್ಜೆ, ಜೋಳಗಳ ಬೀಜ ಮನೆಮನೆಯ ಮಣ್ಣಿನ ಮಡಕೆಗಳಲ್ಲಿ ಉಳಿದುಕೊಂಡದ್ದು ಆ ಹೆಂಗಸರಿಂದ. 2019ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ. ವಿ. ಸತೀಶ್ ಮೈಸೂರಿನ ಕನ್ನಡಿಗರು. ದೂರದರ್ಶನದ ಕೆಲಸದಲ್ಲಿದ್ದು, ಅದನ್ನು ಬಿಟ್ಟು ಈ ಕೆಮ್ಮಣ್ಣಿಗೆ ಬಂದವರು. 2023ರ ಮಾರ್ಚ್ ತಿಂಗಳಿನಲ್ಲಿ ಅವರು ತೀರಿಕೊಂಡಾಗ ಅಂತ್ಯಕ್ರಿಯೆ ಪಸ್ತಾಪುರದಲ್ಲಿಯೇ ನಡೆಯಿತು. ಪ್ರತಿವರ್ಷ ಸಂಕ್ರಾಂತಿಯ ಹೊತ್ತಿಗೆ ಬೀಜದ ಮಡಕೆಗಳನ್ನು ಹೊತ್ತು, ಶೃಂಗರಿಸಿದ ಎತ್ತಿನ ಬಂಡಿಗಳು ಈ ಸೀಮೆಯ ಹಳ್ಳಿಗಳನ್ನು ಸುತ್ತುವ ‘ಪಾತ ಪಂಟಲ ಜಾತರ’, ಅಂದರೆ ಹಳೆಯ ಬೆಳೆಗಳ ಜಾತ್ರೆ, ಇಲ್ಲಿನವರು ಯಾವುದನ್ನೂ ಸುಲಭವಾಗಿ ಮರೆಯಗೊಡುವುದಿಲ್ಲವೆಂಬುದಕ್ಕೆ ವಾರ್ಷಿಕ ಸಾಕ್ಷಿ.

ಮರೆಯಗೊಡದ ಈ ಊರಿನಲ್ಲಿ ಕನ್ನಡವೂ ಒಂದು ಹಳೆಯ ಬೀಜದಂತೆಯೇ ಉಳಿದುಕೊಂಡಿದೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ಹೈದರಾಬಾದ್ ಸಂಸ್ಥಾನವನ್ನು ಮೂರು ಪಾಲಾಗಿ ಹಂಚಿದಾಗ ಬೀದರ ಜಿಲ್ಲೆಯ ದೊಡ್ಡ ಪಾಲು ಮೈಸೂರು ರಾಜ್ಯವನ್ನು ಸೇರಿತು. ಆದರೆ ನಿರ್ಣಾ ವೃತ್ತವನ್ನು ಬಿಟ್ಟು ಜಹೀರಾಬಾದ್ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಮತ್ತು ನಾರಾಯಣಖೇಡ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. ಕಲಬುರಗಿ ಜಿಲ್ಲೆಯಿಂದ ತಾಂಡೂರು, ಕೊಡಂಗಲ್ ತಾಲೂಕುಗಳೂ ಹಾಗೆಯೇ ಹೋದವು. ಆ ವರ್ಷದ ನವೆಂಬರ್ 1ರ ಬೆಳಗ್ಗೆ ಇಲ್ಲಿನ ಮನೆಗಳು ಇದ್ದಲ್ಲಿಯೇ ಇದ್ದವು, ಮನೆಯ ಮಾತೂ ಇದ್ದಂತೆಯೇ ಇತ್ತು. ಬದಲಾದದ್ದು ಕಚೇರಿಯ ಭಾಷೆ. ಇಂದು ಜಹೀರಾಬಾದ್, ನಾರಾಯಣಖೇಡಗಳು ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯಲ್ಲಿವೆ, ತಾಂಡೂರು ವಿಕಾರಾಬಾದ್ ಜಿಲ್ಲೆಯಲ್ಲಿದೆ. ಸಂತೆಯಲ್ಲಿ ತೆಲುಗು, ಅಂಗಡಿಯಲ್ಲಿ ದಖನಿ, ನೆಂಟರ ನಡುವೆ ಮರಾಠಿ, ಒಲೆಯ ಮುಂದೆ ಕನ್ನಡ ಎಂಬುದು ಅನೇಕ ಮನೆಗಳ ರೂಢಿ. ಈ ಸೀಮೆಯ ನಾಯಿಗೂ ನಾಲ್ಕು ಭಾಷೆ ತಿಳಿಯುತ್ತದೆಂದು ಹಿರಿಯರು ನಗುತ್ತಾರೆ. ನಾಯಿ, ಕುಕ್ಕ, ಕುತ್ತಾ, ಕುತ್ರಾ. ಯಾವುದರಿಂದ ಕರೆದರೂ ಅದು ಬಾಲವಾಡಿಸುತ್ತ ಬರುತ್ತದೆ.

ಈ ಬರಹದ ವಸ್ತುವೂ ಅಂಥದೊಂದು ನಾಯಿಯೇ. ಅದರ ಹೆಸರು ಮೋತಿ. ಪಸ್ತಾಪುರದ ಒಂದು ಕನ್ನಡ ಮನೆಯ ಅಂಗಳದಲ್ಲಿ ಹನ್ನೊಂದು ವರ್ಷ ಬದುಕಿದ ನಾಯಿ ಅದು. ಮನೆಯಲ್ಲಿ ಈಗ ಇರುವವರು ವಯಸ್ಸಾದ ಗಂಡಹೆಂಡಿರು ಮಾತ್ರ. ಮಗ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದಾನೆ. ಮೊಮ್ಮಗಳು ಅಲ್ಲಿಯೇ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದುತ್ತಾಳೆ. ರಜೆಗೆ ಅವಳು ಬಸ್ಸಿನಿಂದ ಇಳಿಯುವಾಗ ಮೊದಲು ಎದುರಾಗುತ್ತಿದ್ದುದು ಅಜ್ಜನಲ್ಲ, ಮೋತಿ.

ಹಳ್ಳಿಯ ನಾಯಿ ನಗರದ ಸಾಕುನಾಯಿಯಂತೆ ಮನೆಯೊಳಗೆ ಮಲಗುವುದಿಲ್ಲ. ಅದಕ್ಕೆ ಕೊರಳಪಟ್ಟಿ ಇರುವುದಿಲ್ಲ, ಹುಟ್ಟಿದ ದಿನದ ಲೆಕ್ಕವೂ ಇರುವುದಿಲ್ಲ. ಅದರ ಸಂಬಂಧ ಮನೆಯೊಂದಿಗೆ ಎಷ್ಟೋ ಹೊಲದೊಂದಿಗೂ ಅಷ್ಟೇ. ತೊಗರಿ ಕಾಯಿಗಟ್ಟಿದಂದಿನಿಂದ ಜೋಳದ ಕಟಾವು ಮುಗಿಯುವವರೆಗೆ ಈ ಭಾಗದ ರೈತರಿಗೆ ಕಾಡುಹಂದಿಗಳ ಕಾಟ. ಹಗಲೆಲ್ಲ ಕಬ್ಬಿನ ಗದ್ದೆಗಳಲ್ಲಿ ಅಡಗಿರುವ ಹಿಂಡು ಇರುಳಾದೊಡನೆ ಹೊರಬೀಳುತ್ತದೆ. ತಿನ್ನುವುದಕ್ಕಿಂತ ತುಳಿದು ಹಾಳುಮಾಡುವುದೇ ಹೆಚ್ಚು. ಕಾಡುಹಂದಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿಯಾದ್ದರಿಂದ ರೈತ ತನ್ನಿಚ್ಛೆಯಂತೆ ಅದನ್ನು ಕೊಲ್ಲುವಂತಿಲ್ಲ. ಅವನಿಗೆ ಉಳಿಯುವುದು ಬ್ಯಾಟರಿಯ ಬೆಳಕು, ತಗಡಿನ ಡಬ್ಬಿಯ ಸದ್ದು ಮತ್ತು ನಾಯಿ. ಮುದುಕರು ಹೊಲಕ್ಕೆ ಕಾವಲು ಹೋದ ರಾತ್ರಿಗಳಲ್ಲಿ ಮೋತಿ ಅವರಿಗಿಂತ ಮೊದಲೇ ಹೊರಟು, ಬದುವಿನ ಬೇವಿನ ಮರದ ಬುಡದಲ್ಲಿ ಕುಳಿತಿರುತ್ತಿತ್ತು.

2024ರ ಡಿಸೆಂಬರ್ ಕೊನೆಯ ವಾರದಲ್ಲಿ ಅದಕ್ಕೆ ಹಂದಿಯ ಕೋರೆ ತಗಲಿತು. ವಯಸ್ಸಾದ ನಾಯಿ, ಹಿಂದೆ ಸರಿಯಬೇಕಾದಲ್ಲಿ ಸರಿಯಲಿಲ್ಲವೋ, ಸರಿಯಲಾಗಲಿಲ್ಲವೋ ಯಾರೂ ನೋಡಿದವರಿಲ್ಲ. ಹೊಟ್ಟೆಯ ಬದಿ ಸೀಳಿತ್ತು. ಗೋಣಿತಾಟಿನ ಮೇಲೆ ಮಲಗಿಸಿ ಮನೆಗೆ ತಂದರು, ಅರಿಶಿನ ಹಚ್ಚಿದರು, ಪಶುವೈದ್ಯರಿಂದ ಹೊಲಿಗೆ ಹಾಕಿಸಿದರು. ಮೂರು ದಿನ ಅದು ನೀರು ಮಾತ್ರ ಕುಡಿಯಿತು. ನಾಲ್ಕನೆಯ ಬೆಳಗ್ಗೆ, ಎಳ್ಳಮಾವಾಸ್ಯೆಗೆ ಇನ್ನೂ ನಾಲ್ಕು ದಿನವಿರುವಾಗ, ಪ್ರಾಣಬಿಟ್ಟಿತು. ಮುದುಕರು ಅದನ್ನು ಹೊಲಕ್ಕೆ ಒಯ್ದು ಬೇವಿನ ಮರದ ಪಕ್ಕದಲ್ಲಿ ಆಳವಾಗಿ ತೋಡಿಸಿ, ಉಪ್ಪು ಹರಡಿ ಮಣ್ಣು ಮುಚ್ಚಿದರು. ನರಿಗಳು ಕೆದರದಂತೆ ಮೇಲೊಂದು ಚಪ್ಪಟೆ ಕಲ್ಲು ಇಟ್ಟರು.

ಅದು ಹಬ್ಬಗಳ ಕಾಲ. ಆ ವಾರವೇ ಮೆದಕಿನ ದೊಡ್ಡ ಚರ್ಚಿಗೆ ನೂರು ತುಂಬಿತ್ತು. 1924ರ ಕ್ರಿಸ್‌ಮಸ್ ದಿನ ಪ್ರತಿಷ್ಠೆಗೊಂಡ ಆ ಮಂದಿರಕ್ಕೆ ಈ ಭಾಗದ ಕ್ರೈಸ್ತ ಕುಟುಂಬಗಳೂ ಹೋಗುವುದುಂಟು. ಡಿಸೆಂಬರ್ 30ರಂದು ಎಳ್ಳಮಾವಾಸ್ಯೆ. ಬೀದರ, ಕಲಬುರಗಿಗಳ ರೈತರಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇರೊಂದಿಲ್ಲ. ಗಡಿಯ ಈಚೆಗಿರುವ ಜಹೀರಾಬಾದ್, ನ್ಯಾಲಕಲ್, ನಾರಾಯಣಖೇಡಗಳಲ್ಲಿಯೂ ಅದು ಹಾಗೆಯೇ ನಡೆದುಬಂದಿದೆ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಬದನೆ, ಸೊಪ್ಪುಗಳನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ. ಸಜ್ಜೆರೊಟ್ಟಿ, ಜೋಳದ ಕಡಬು, ಅಂಬಲಿ, ಶೇಂಗಾ ಹೋಳಿಗೆ. ಇವನ್ನೆಲ್ಲ ಬುಟ್ಟಿಯಲ್ಲಿ ಹೊತ್ತು ಮನೆಮಂದಿ ಹೊಲಕ್ಕೆ ಹೋಗುತ್ತಾರೆ. ಜೋಳದ ದಂಟಿನ ಕೊಂಪೆ ಕಟ್ಟಿ, ಪಾಂಡವರೆಂದು ಐದು ಕಲ್ಲುಗಳನ್ನಿರಿಸಿ ಪೂಜಿಸುತ್ತಾರೆ. ಬಳಿಕ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ತುಂಬಿನಿಂತ ಪೈರಿನ ಹೊಲ ಬಸುರಿ ಹೆಂಗಸಿನಂತೆ. ಚರಗ ಅವಳಿಗೆ ಕೊಡುವ ಬಯಕೆಯೂಟ.

ಆ ಮನೆಯಲ್ಲಿ ಪ್ರಶ್ನೆ ಎದ್ದದ್ದು ಇಲ್ಲಿಯೇ. ಮುದುಕಿಗೆ ಹೋಳಿಗೆ ತಟ್ಟುವ ಮನಸ್ಸಿರಲಿಲ್ಲ. ‘ಈ ಸಲ ಬ್ಯಾಡ’ ಎಂದಳು. ನೆರೆಯವರು ಬಂದು ಹೇಳಿದರು: ಮನುಷ್ಯರು ಸತ್ತರೆ ಸೂತಕ, ನಾಯಿಗೆಲ್ಲಿಯ ಸೂತಕ? ಹಬ್ಬ ಬಿಡುವಂತಿಲ್ಲ. ಮಾತು ಸರಿಯಾದದ್ದೇ. ಶಾಸ್ತ್ರ ಮನುಷ್ಯರ ಸಾವಿಗೆ ದಿನಗಳನ್ನು ಗೊತ್ತುಮಾಡಿದೆ: ಇಷ್ಟು ದಿನ ಒಲೆ ಹಚ್ಚಬಾರದು, ಇಷ್ಟು ದಿನ ದೇವರ ಮನೆಗೆ ಹೋಗಬಾರದು. ಆ ನಿಯಮಗಳು ಭಾರವೆಂದು ತೋರಿದರೂ ದುಃಖಿಸುವವರಿಗೆ ಅವು ಒಂದು ಆಸರೆ. ಅಳುವುದಕ್ಕೆ ಅವು ಅನುಮತಿ ಕೊಡುತ್ತವೆ, ಎಂದು ನಿಲ್ಲಿಸಬೇಕೆಂಬುದನ್ನೂ ಹೇಳುತ್ತವೆ. ಸಾಕಿದ ಪ್ರಾಣಿ ಸತ್ತಾಗ ಈ ಆಸರೆಯಿಲ್ಲ. ಯಾರೂ ಮಾತನಾಡಿಸಲು ಬರುವುದಿಲ್ಲ, ಯಾರೂ ಬುತ್ತಿ ತರುವುದಿಲ್ಲ. ಹಬ್ಬದ ದಿನಗಳಲ್ಲಿಯಂತೂ ಆ ದುಃಖ ಊರಿನ ಸಂಭ್ರಮಕ್ಕೆ ಎದುರು ನಿಂತ ಅಪರಾಧಿಯಂತೆ ತಲೆತಗ್ಗಿಸಬೇಕಾಗುತ್ತದೆ.

ಕಾನೂನೂ ಬಹಳ ಕಾಲ ಈ ವಿಷಯದಲ್ಲಿ ಮಾತು ಕಡಿಮೆ. 1860ರ ಭಾರತೀಯ ದಂಡ ಸಂಹಿತೆಯ 428ನೆಯ ಕಲಮಿನಲ್ಲಿ ಪರರ ಪ್ರಾಣಿಯನ್ನು ಕೊಂದವನಿಗೆ ಶಿಕ್ಷೆಯಿತ್ತು. ಆದರೆ ಆ ಪ್ರಾಣಿ ಹತ್ತು ರೂಪಾಯಿ ಬೆಲೆಯುಳ್ಳದ್ದಾಗಿರಬೇಕಿತ್ತು. 429ನೆಯ ಕಲಮು ಎತ್ತು, ಎಮ್ಮೆ, ಕುದುರೆ ಮುಂತಾದವಕ್ಕೆ ಬೆಲೆಯ ಮಿತಿ ಹಾಕಲಿಲ್ಲ; ಅವನ್ನು ಬಿಟ್ಟ ಇತರ ಪ್ರಾಣಿಗಳಿಗೆ ಐವತ್ತು ರೂಪಾಯಿಯ ಗೆರೆ ಎಳೆಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಈ ರೂಪಾಯಿಯ ಲೆಕ್ಕವನ್ನು ತೆಗೆದುಹಾಕಿತು. ಸಂವಿಧಾನಕ್ಕೆ 1976ರ ತಿದ್ದುಪಡಿಯಿಂದ ಸೇರಿದ 51ಎ ವಿಧಿ ಜೀವಿಗಳ ಬಗೆಗಿನ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ಹೇಳುತ್ತದೆ. ಹಾಗಿದ್ದರೂ ನಾಯಿ ಕಾನೂನಿನ ದೃಷ್ಟಿಯಲ್ಲಿ ಇಂದಿಗೂ ಒಡೆಯನ ಸ್ವತ್ತೇ. ಸ್ವತ್ತು ಕಳೆದುಹೋದರೆ ನಷ್ಟ ಎನ್ನಬಹುದು. ಮೋತಿ ಹೋದದ್ದನ್ನು ಆ ಮನೆಯವರು ನಷ್ಟವೆಂದು ಕರೆಯಲಿಲ್ಲ.

ಕನ್ನಡ ನಾಡಿನಲ್ಲಿ ಈ ದುಃಖಕ್ಕೆ ಹೆಸರೂ ಕಲ್ಲೂ ದೊರೆತ ಒಂದು ಪ್ರಸಂಗವುಂಟು, ಅದೂ ಸಾವಿರ ವರ್ಷಕ್ಕೂ ಹಿಂದೆ. ತಾಂಡೂರಿನಿಂದ ಪಶ್ಚಿಮಕ್ಕೆ ರೈಲಿನಲ್ಲಿ ಹೊರಟರೆ ಸೇಡಂ ದಾಟಿದ ಮೇಲೆ ಮಳಖೇಡ ಬರುತ್ತದೆ. ಅದೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳುತ್ತಿದ್ದ ಮೂರನೆಯ ಕೃಷ್ಣನು 949ರಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಎದುರಿಸಿದಾಗ ಗಂಗರ ಇಮ್ಮಡಿ ಬೂತುಗ ಅವನ ಪಕ್ಷದಲ್ಲಿದ್ದು ಚೋಳ ರಾಜಾದಿತ್ಯನನ್ನು ಕೊಂದನು. ಬೂತುಗನ ಕೈಕೆಳಗೆ ಪರಾಕ್ರಮದಿಂದ ಹೋರಾಡಿದವನು ಮಣಲೆರ. ಮೆಚ್ಚಿದ ಒಡೆಯ ಬೇಕಾದುದನ್ನು ಬೇಡೆಂದಾಗ ಮಣಲೆರ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಬೆಳತೂರಿನ ಪಡುವಣ ಗುಡ್ಡದಲ್ಲಿ ಆ ನಾಯಿ ದೊಡ್ಡದೊಂದು ಹಂದಿಯ ಮೇಲೆ ಬಿದ್ದಿತು. ನಾಯಿ, ಹಂದಿ ಎರಡೂ ಒಟ್ಟಿಗೆ ಸತ್ತವು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಚಲ್ಲೇಶ್ವರ ದೇಗುಲದ ಮುಂದೆ ಅದಕ್ಕಾಗಿ ಕಲ್ಲು ನಿಲ್ಲಿಸಿ, ಎರಡು ಖಂಡುಗ ಭೂಮಿಯನ್ನು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುವುದೆಂದು ಶಾಸನ ಶಪಥ ಹಾಕುತ್ತದೆ. ಶಕ 872ರ ಆ ಶಾಸನದ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯೂ ಹಂದಿಯೂ ಕಾದಾಡುತ್ತಿರುವ ಚಿತ್ರ ಅದರ ಮೇಲಿದೆ.

ಇತಿಹಾಸಕಾರರು ಈ ಶಾಸನವನ್ನು ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ಚಕ್ರವರ್ತಿಗಳ ಬಿರುದುಗಳೂ ನಾಡುಗಳ ದಾನವೂ ಅದರಲ್ಲಿವೆ. ಆದರೆ ಗಮನಿಸಬೇಕಾದ ಇನ್ನೊಂದು ಮಾತಿದೆ. ಅದೊಂದು ದಾನಪತ್ರ, ಅದರಲ್ಲಿ ಭೂಮಿಯ ಅಳತೆಯಿದೆ, ಅದು ಎಲ್ಲಿದೆಯೆಂಬುದಿದೆ, ಹೊಣೆಗಾರನಿದ್ದಾನೆ, ತಪ್ಪಿದರೆ ಒದಗುವ ಪಾಪವಿದೆ. ದುಃಖವನ್ನು ದುಃಖಿತನ ಮನಸ್ಸಿಗೇ ಬಿಟ್ಟುಕೊಡದೆ, ಇನ್ನೊಬ್ಬನು ದಿನವೂ ಊಟಕ್ಕೆ ಮೊದಲು ನೆನೆಯಬೇಕೆಂದು ಅದು ಕಟ್ಟಳೆ ಮಾಡಿತು. ಊರಿನವರೆಲ್ಲ ಸೇರಿ ನಾಯಿಗೆ ಸೂತಕವಿಲ್ಲವೆಂದು ಹೇಳುವ ಮುನ್ನ ಆ ಕಲ್ಲನ್ನು ಒಮ್ಮೆ ನೆನೆಯುವುದು ಒಳಿತು.

ನಾಯಿ ನಮ್ಮ ದೇವರುಗಳ ಅಂಗಳಕ್ಕೂ ಹೊರಗಿನದಲ್ಲ. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಸನ್ನಿಧಿಗೆ ಈ ಸೀಮೆಯವರು ನಡೆದುಕೊಳ್ಳುತ್ತಾರೆ. ಮಲ್ಲಯ್ಯನ ಸಂಗಡ ನಾಯಿ ಇದ್ದೇ ಇದೆ. ಮಾರ್ಗಶಿರದ ಹುಣ್ಣಿಮೆಗೆ ದತ್ತ ಜಯಂತಿ; ಗಾಣಗಾಪುರಕ್ಕೆ ಹೋಗಿಬರುವವರು ಮನೆಗೆ ತರುವ ಪಟದಲ್ಲಿ ದತ್ತಾತ್ರೇಯನ ಕಾಲಬಳಿ ನಾಲ್ಕು ನಾಯಿಗಳು, ಅವು ನಾಲ್ಕು ವೇದಗಳೆಂಬ ನಂಬಿಕೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಪೂಜೆಗೊಳ್ಳುವ ಪಾಂಡವರ ಕಥೆಯ ಕೊನೆಯಲ್ಲಿಯೂ ನಾಯಿಯೊಂದು ಬರುತ್ತದೆ. ತಮ್ಮಂದಿರೂ ಮಡದಿಯೂ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ಅದೊಂದೇ. ಅದನ್ನು ಬಿಟ್ಟು ಸ್ವರ್ಗದ ರಥವೇರಲು ಆತ ಒಪ್ಪಲಿಲ್ಲ.

ಕೊನೆಗೆ ಆ ಮುದುಕರೇ ತೀರ್ಮಾನಕ್ಕೆ ಬಂದರು. ‘ಚರಗ ಭೂಮಿತಾಯಿದು. ನಮ್ಮ ಸಂಕಟಕ್ಕ ಆಕೀನ ಉಪವಾಸ ಕೆಡವಬಾರ್ದು’ ಎಂದರು. ಮುದುಕಿ ಒಲೆ ಹಚ್ಚಿದಳು. ಅವರ ಮನೆಯಲ್ಲಿ ಈಗ ಎತ್ತುಗಳಿಲ್ಲ. ಜಹೀರಾಬಾದಿನಲ್ಲಿಯೇ ಟ್ರ್ಯಾಕ್ಟರಿನ ದೊಡ್ಡ ಕಾರ್ಖಾನೆ ಇರುವ ಕಾಲದಲ್ಲಿ ಒಂದು ಜೋಡಿ ಎತ್ತು ಸಾಕುವುದು ಅನೇಕರಿಗೆ ಆಗದ ಮಾತು. ಆದರೂ ಹಬ್ಬಕ್ಕೆ ಬಂಡಿಯಲ್ಲಿಯೇ ಹೋಗಬೇಕೆಂದು ನೆರೆಯವರ ಬಂಡಿ ಕೇಳಿಕೊಂಡರು. ಹಿಂದಿನ ವರ್ಷಗಳಲ್ಲಿ ಮೋತಿ ಬಂಡಿಯ ಅಚ್ಚಿನ ಕೆಳಗೆ, ನೆರಳಿನಲ್ಲಿಯೇ ಓಡುತ್ತ ಬರುತ್ತಿತ್ತು. ಆ ದಿನ ಮುದುಕಿ ದಾರಿಯಲ್ಲಿ ಎರಡು ಸಲ ಬಗ್ಗಿ ಕೆಳಗೆ ನೋಡಿದಳೆಂದು ಬಂಡಿ ಹೊಡೆದವನು ಹೇಳುತ್ತಾನೆ. ಪೂಜೆಯಾಯಿತು, ಚರಗ ಚೆಲ್ಲಿದರು. ಮುದುಕರು ಹೊಲ ಸುತ್ತಿ ಬೇವಿನ ಮರದ ಬಳಿ ಬಂದಾಗ ಬುಟ್ಟಿಯಲ್ಲಿ ಉಳಿದಿದ್ದ ಭಜ್ಜಿಯಲ್ಲಿ ಒಂದು ಹಿಡಿ, ಸಜ್ಜೆರೊಟ್ಟಿಯಲ್ಲಿ ಅರ್ಧ ಮುರಿದು ಆ ಚಪ್ಪಟೆ ಕಲ್ಲಿನ ಮೇಲೆ ಇಟ್ಟರು. ಯಾರೂ ಏನೂ ಅನ್ನಲಿಲ್ಲ.

ಮೊಮ್ಮಗಳಿಗೆ ಸುದ್ದಿ ತಿಳಿಸಿರಲಿಲ್ಲ. ಪರೀಕ್ಷೆಯಿದೆ, ಫೋನಿನಲ್ಲಿ ಹೇಳಬಾರದೆಂದು ಹಿರಿಯರು ಮಾತಾಡಿಕೊಂಡಿದ್ದರು. ಸಂಕ್ರಾಂತಿಯ ರಜೆಗೆ ಅವಳು ಬಸ್ಸಿಳಿದಾಗ ನಿಲ್ದಾಣದಲ್ಲಿ ಅಜ್ಜ ಒಬ್ಬರೇ ನಿಂತಿದ್ದರು.

‘ಮುತ್ಯಾ, ಮೋತಿ ಎಲ್ಲಿ?’

‘ಹೊಲದಾಗ ಇದ್ದಾನವ್ವ’ ಎಂದರು ಅಜ್ಜ. ಸುಳ್ಳಾಡಿದಂತೆಯೂ ಆಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ಮನೆಗೆ ಹೋಗದೆ ನೇರವಾಗಿ ಹೊಲಕ್ಕೇ ಹೋಗೋಣವೆಂದು ಅವಳು ಹಟ ಹಿಡಿದಳು. ದಾರಿಯಲ್ಲಿ ಅಜ್ಜ ಎಲ್ಲವನ್ನೂ ಹೇಳಿದರು. ಮಕ್ಕಳಿಗೆ ಸಾವಿನ ಸುದ್ದಿಯನ್ನು ಮುಚ್ಚಿಡುವುದು ಹಿರಿಯರ ಪ್ರೀತಿಯೇ ಸರಿ. ಆದರೆ ಮುಚ್ಚಿಟ್ಟ ದಿನಗಳಷ್ಟೂ ಅವರು ತಮ್ಮ ಪಾಲಿನ ದುಃಖದಿಂದ ವಂಚಿತರಾಗುತ್ತಾರೆ. ಅವಳು ಅತ್ತದ್ದಕ್ಕಿಂತ ಹೆಚ್ಚಾಗಿ ಕೋಪಗೊಂಡಿದ್ದಳು. ‘ನನಗ ಯಾಕ ಹೇಳಲಿಲ್ಲ’ ಎಂಬ ಪ್ರಶ್ನೆಗೆ ಅಜ್ಜನಲ್ಲಿ ಉತ್ತರವಿರಲಿಲ್ಲ.

ಮರುದಿನ ಅವಳು ಮತ್ತೆ ಹೊಲಕ್ಕೆ ಹೊರಟಾಗ ಕೈಯಲ್ಲಿ ಸುಣ್ಣದ ಡಬ್ಬಿಯಿತ್ತು. ಕಲ್ಲಿನ ಮೇಲೆ ಹೆಸರು ಬರೆಯಬೇಕು, ಹೆಸರಿಲ್ಲದಿದ್ದರೆ ಅದು ಬರಿಯ ಕಲ್ಲು ಎಂದಳು. ಯಾವ ಅಕ್ಷರದಲ್ಲಿ ಬರೆಯುವುದು? ಅವಳಿಗೆ ಇಂಗ್ಲಿಷ್ ಬರುತ್ತದೆ, ಶಾಲೆಯಲ್ಲಿ ಕಲಿತ ತೆಲುಗು ಬರುತ್ತದೆ, ಹಿಂದಿ ಬರುತ್ತದೆ. ಕನ್ನಡವನ್ನು ಮಾತನಾಡುತ್ತಾಳೆಯೇ ಹೊರತು ಬರೆದವಳಲ್ಲ. ‘ನೀನು ಅವನನ್ನ ಯಾವುದರಾಗ ಕರೀತಿದ್ದಿ?’ ಎಂದು ಅಜ್ಜ ಕೇಳಿದರು. ಅವಳು ಸ್ವಲ್ಪ ಹೊತ್ತು ಯೋಚಿಸಿ, ‘ಕನ್ನಡದಾಗೇ ಬರಿತೀನಿ, ತೋರಿಸು ಮುತ್ಯಾ’ ಎಂದಳು.

ಅಜ್ಜ ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವರು. ಬದುವಿನ ಮಣ್ಣನ್ನು ಅಂಗೈಯಿಂದ ಸಮಮಾಡಿ, ತೊಗರಿ ಕಡ್ಡಿಯಿಂದ ಎರಡು ಅಕ್ಷರ ಬರೆದು ತೋರಿಸಿದರು. ಮೊದಲ ಅಕ್ಷರದ ದೀರ್ಘ ಅವಳಿಗೆ ಕಷ್ಟವಾಯಿತು. ಎರಡು ಸಲ ಒರೆಸಿ ಮೂರನೆಯ ಸಲಕ್ಕೆ ಸರಿಯಾಗಿ ಬರೆದಳು. ತೆಲುಗಿನ ಅಕ್ಷರ ಬಲ್ಲವಳಾದ್ದರಿಂದ ಎರಡನೆಯದು ಸುಲಭವೆನಿಸಿತು. ಮೋತಿ. ಅವಳು ತನ್ನ ಮನೆಮಾತಿನಲ್ಲಿ ಬರೆದ ಮೊದಲ ಶಬ್ದ ಅದು.

ಪಸ್ತಾಪುರಕ್ಕೆ ಬರುವವರು ಬೀಜದ ಮಡಕೆಗಳನ್ನು ನೋಡಲು ಬರುತ್ತಾರೆ, ನೋಡಬೇಕಾದದ್ದೂ ಹೌದು. ಬಂಡಿಗಳ ಜಾತ್ರೆ ಹೊರಟ ದಿನಗಳಲ್ಲಿ ಬಂದವರಿಗೆ ಊರು ತನ್ನ ಅತ್ಯುತ್ತಮ ರೂಪದಲ್ಲಿ ಕಾಣಿಸುತ್ತದೆ. ಅವರು ಹೊಲದ ದಾರಿಯಲ್ಲಿ ಒಂದಿಷ್ಟು ನಡೆದರೆ ಬೇವಿನ ಮರದ ಕೆಳಗೆ ಆ ಕಲ್ಲೂ ಕಂಡೀತು. ಅದರ ಪೂಜೆಗೆ ಗೊರವನಿಲ್ಲ, ಬಿಟ್ಟ ಭೂಮಿಯಿಲ್ಲ. ಮುಂಗಾರು ಬಂದರೆ ಸುಣ್ಣ ತೊಳೆದುಹೋಗುತ್ತದೆ. ಮುಂದಿನ ರಜೆಯಲ್ಲಿ ಬಂದು ಮತ್ತೆ ಬರೆಯುವೆನೆಂದು ಆ ಹುಡುಗಿ ಹೇಳಿಹೋಗಿದ್ದಾಳೆ. ಅಲ್ಲಿಯವರೆಗೆ ಸುಣ್ಣದ ಡಬ್ಬಿಯನ್ನು ಅಜ್ಜ ಜೋಳದ ಕಣಜದ ಪಕ್ಕದಲ್ಲಿ ಎತ್ತಿಟ್ಟಿದ್ದಾರೆ.